ಮೂಡಲ ಕಂಬದ ಬೊಟ್ಟು

ವಿಜಯದಶಮಿಯ ಬೆಳಿಗ್ಗೆ ಅಳತೆ ಶೆಡ್ಡು ಗುಡಿಸಲು ಹೋದ ದೊಡ್ಡಮುನಿಯಮ್ಮ ಪೊರಕೆಯನ್ನು ಬಾಗಿಲಲ್ಲೇ ಬಿಟ್ಟು ಹೊರಗೆ ಬಂದಳು. ಕೂಗಲಿಲ್ಲ, ಓಡಲಿಲ್ಲ. ನೇರ ಗೇಟಿನ ಕಾವಲುಗಾರನ ಹತ್ತಿರ ಹೋದಳು.

"ಗೋಪಾಲಪ್ಪ ಕೆಳಗೆ ಬಿದ್ದವ್ನೆ. ಜೀವ ಇಲ್ಲ. ಪೋಲೀಸ್ಗೆ ಏಳು," ಎಂದಳು.

ಮೆಟ್ಟೂರಿನಿಂದ ಪೆನ್ನಾಗರಂ ಕಡೆಗೆ ಹೋಗುವ ದಾರಿಯಲ್ಲಿ, ಊರೂ ಅಲ್ಲದ ಕಾಡೂ ಅಲ್ಲದ ಜಾಗದಲ್ಲಿ ಆ ಕಾರ್ಖಾನೆ ಇತ್ತು. ತೊಂಬತ್ತೆಂಟನೇ ಇಸವಿ. ಸಬ್ ಇನ್ಸ್‌ಪೆಕ್ಟರ್ ಶಾರದ ಜೀಪಿನಿಂದ ಇಳಿದಾಗ ಅಂಗಳದಲ್ಲಿ ಹಿಂದಿನ ದಿನ ಒಡೆದ ಬೂದುಗುಂಬಳ ಇನ್ನೂ ಬಿದ್ದಿತ್ತು. ಆಯುಧ ಪೂಜೆ ಮುಗಿದಿತ್ತು. ಎರಡನೆಯ ದಿನವೂ ರಜೆ. ಕ್ರೇನುಗಳ ಕೊರಳಲ್ಲಿ ಬಾಡಿದ ಹಾರ. ಎಲ್ಲ ಯಂತ್ರದ ಹಣೆಗೂ ಗಂಧ, ಅದರ ಮೇಲೆ ಕುಂಕುಮ.

ಅಳತೆ ಶೆಡ್ಡು ಎಲ್ಲಕ್ಕಿಂತ ಹಿಂದೆ, ಒಂಟಿಯಾಗಿತ್ತು. ಒಳಗೆ ಮನೆಯಷ್ಟು ದೊಡ್ಡ ಉಕ್ಕಿನ ಉಂಗುರ. ಅದರ ಸುತ್ತ ನಾಲ್ಕು ದಿಕ್ಕಿಗೆ ನಾಲ್ಕು ಗಾರೆ ಕಂಬ, ಎದೆಯೆತ್ತರ. ಪಕ್ಕದಲ್ಲಿ ದೂರದರ್ಶಕ ಇಟ್ಟು ನೋಡುವ ಎತ್ತರದ ಕಬ್ಬಿಣದ ಅಟ್ಟ. ಅಟ್ಟದ ಬುಡದಲ್ಲಿ ಗೋಪಾಲಪ್ಪ ಮಲಗಿದ್ದ. ಒಗೆದ ಬಿಳಿ ಶರಟು, ಹಣೆಯಲ್ಲಿ ಹೊಸ ವಿಭೂತಿ. ತಲೆಯ ಹಿಂಭಾಗ ಕಬ್ಬಿಣದ ತೊಲೆಗೆ ತಗುಲಿತ್ತು.

ಹೊತ್ತೇರಿದ ಮೇಲೆ ಮ್ಯಾನೇಜರ್ ಬಾಲಾಜಿ ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತ ಬಂದ. ಸೇಲಂನವನು, ತಮಿಳಿನಲ್ಲಿ ಮಾತಾಡಿದ.

"ಅಳತೆ ವಿಭಾಗ ಪೂರ್ತಿ ಇವರೇ ಮೇಡಂ. ಉಂಗುರ ಸೊಟ್ಟ ಇದೆ, ಕಳಿಸಬೇಡಿ ಅಂತ ಹಟ ಹಿಡಿದಿದ್ದರು. ಪೂಜೆಯ ಹಿಂದಿನ ದಿನ ನನಗೂ ಅವರಿಗೂ ಮಾತಾಯಿತು."

"ಏನು ಮಾತು?"

"ನಿಮ್ಮ ಅಳತೆ ತಪ್ಪಾಗಿದ್ದರೆ ನೀವೇ ಹೊಣೆ ಅಂದೆ. ಗುಜರಾತಿನ ಸಂಸ್ಥೆಯಿಂದ ಪರೀಕ್ಷೆಗೆ ಇವತ್ತು ಆಫೀಸರ್ ಬರುತ್ತಾರೆ. ಮಾನಕ್ಕೆ ಅಂಜುವ ಮನುಷ್ಯ. ಹಾರಿಕೊಂಡಿರಬೇಕು."

ಸತ್ತವನು ಬಾಯಿ ಬಿಡುವುದಿಲ್ಲ ಎಂದು ಗೊತ್ತಾದ ಮೇಲೆ ಬದುಕಿದ್ದವರಿಗೆ ಅವನ ಮನಸ್ಸು ಎಷ್ಟು ಚೆನ್ನಾಗಿ ಅರ್ಥವಾಗಿಬಿಡುತ್ತದೆ. ಶಾರದ ಒಳಗೆ ಒಂದು ಸುತ್ತು ಬಂದಳು.

ಗೋಡೆಯ ಪಕ್ಕ ಮೇಜಿನ ಮೇಲೆ ದೇವಿಯ ಪಟ. ಅದರ ಮುಂದೆ ಅಳತೆಯ ಸಾಮಾನಿನ ಪೆಟ್ಟಿಗೆಗಳು, ಪ್ರತಿಯೊಂದರ ಮೇಲೂ ಒಂದು ಸೇವಂತಿಗೆ. ಒಂದು ಪೆಟ್ಟಿಗೆಯ ಹೂ ಮಾತ್ರ ನೆಲದಲ್ಲಿ. ತಟ್ಟೆಯಲ್ಲಿ ಅವತ್ತೇ ಉರಿದ ಕರ್ಪೂರದ ಕರಿ, ಮುಟ್ಟಿದರೆ ಬೆರಳಿಗೆ ಹತ್ತುವಂಥದು. ಪಕ್ಕದಲ್ಲಿ ಹಿಂದಿನ ದಿನದ ಗಂಧದ ಬಟ್ಟಲು.

ಕಂಬಗಳ ತಲೆಯ ಮೇಲೆ ಒಂದೊಂದು ಹಿತ್ತಾಳೆ ತಟ್ಟೆ, ಬೋಲ್ಟು ಹಾಕಿ ಬಿಗಿದದ್ದು, ನಡುವೆ ಅಳತೆಗೆ ಗುರಿಯಾಗುವ ಗುಂಡು ಕೂರಿಸುವ ಕುಳಿ. ಮೂಡಲ ಕಂಬದ ತಟ್ಟೆಯ ಅಂಚಿಗೆ ಯಾರೋ ಗಂಧ ಕುಂಕುಮದ ಬೊಟ್ಟು ಇಟ್ಟಿದ್ದರು. ಅವಳು ಅದನ್ನು ನೋಡಿದಳು, ಮುಂದೆ ಹೋದಳು. ಹಬ್ಬದ ಮಾರನೆಯ ದಿನ ಬೊಟ್ಟು ಯಾರಿಗೆ ವಿಶೇಷ?

ಹೊರಗೆ ನೆರಳಿನಲ್ಲಿ ವೆಲ್ಡಿಂಗ್ ಮೇಸ್ತ್ರಿ ಮುತ್ತುಸ್ವಾಮಿ ಕುಕ್ಕರುಗಾಲಲ್ಲಿ ಕೂತು ಅಳುತ್ತಿದ್ದ. ಅರವತ್ತರ ಹತ್ತಿರದ ಮನುಷ್ಯ.

"ಕನ್ನಡದೋರಾ?" ಅವನ ಅಳುವಿನ ಮಾತು ಕೇಳಿ ಶಾರದ ತನ್ನ ಮನೆಮಾತಿನಲ್ಲೇ ಕೇಳಿದಳು.

"ಆಮಾ ಮೇಡಂ. ಪೆನ್ನಾಗರಂ ಪಕ್ಕ. ಅವ್ನೂ ನಮ್ ಕಡೆಯೋನೇ. ಇಲ್ಲಿ ನಮ್ಮಿಬ್ರಿಗೇ ಮಾತು, ನಮ್ಮಿಬ್ರಿಗೇ ಊಟ. ಅವ್ನು ಮದ್ವೆ ಆಗ್ಲಿಲ್ಲ. ನನ್ನ ಹೆಂಡ್ತಿ ತೀರ್ಕಂಡ್ಲು."

"ಬೆಳಿಗ್ಗೆ ನೋಡಿದ್ರಾ?"

"ಇಲ್ಲ ತಾಯಿ. ರಜ ಅಂತ ಮಲ್ಕಂಡಿದ್ದೆ."

*

ಮರುದಿನ ಬೆಳಗಿನ ಜಾವ ಶಾರದ ಶೆಡ್ಡಿಗೆ ಬಂದಾಗ ಗುಜರಾತಿನ ಸಂಸ್ಥೆಯ ಸಂಗೀತಾ ಅಟ್ಟದ ಮೇಲಿದ್ದಳು. ಸೇಲಂನಲ್ಲೇ ಬೆಳೆದ ಕನ್ನಡದ ಮನೆಯ ಹುಡುಗಿ, ಈಗ ಅಳತೆಯ ಆಫೀಸರ್. ದೂರದರ್ಶಕದಿಂದ ಕಣ್ಣು ತೆಗೆಯದೆ ಕೈಸನ್ನೆಯಲ್ಲೇ 'ನಿಲ್ಲಿ' ಎಂದಳು. ಶಾರದ ನಿಂತಳು. ಯಾರಾದರೂ ನಡೆದಾಡಿದರೂ ನೆಲ ಅಲುಗುತ್ತದಂತೆ.

ಇಳಿದು ಬಂದ ಮೇಲೆ ಸಂಗೀತಾ ವಿವರಿಸಿದಳು. "ಸೂರ್ಯನ ಒಳಗೆ ಉರಿಯುತ್ತಲ್ಲ, ಆ ಬೆಂಕಿಯನ್ನ ನೆಲದ ಮೇಲೆ ಉರಿಸೋ ಯಂತ್ರ ಇದು. ಕೋಟಿಗಟ್ಟಲೆ ಡಿಗ್ರಿ ಬಿಸಿ. ಯಾವ ಪಾತ್ರೆಯೂ ತಡೆಯಲ್ಲ. ಅದಕ್ಕೆ ಉಂಗುರದ ನಡುವೆ, ಗೋಡೆಗೆ ತಾಗದ ಹಾಗೆ, ಅಯಸ್ಕಾಂತದಿಂದ ತೇಲಿಸಿ ಹಿಡಿಯಬೇಕು. ಉಂಗುರ ಒಂದು ಕಡೆ ಮೂರು ಮಿಲಿಮೀಟರ್ ಒಳಗೆ ಬಂದಿದ್ದರೂ ಬೆಂಕಿ ಅಲ್ಲಿ ಗೋಡೆ ನೆಕ್ಕುತ್ತೆ."

"ಗೋಪಾಲಪ್ಪ ಹೇಳಿದ್ದು ಅದೇನಾ?"

"ಹೌದು. ವೆಲ್ಡಿಂಗ್ ಆರುವಾಗ ಉಕ್ಕು ಎಳ್ಕೊಳುತ್ತೆ. ಮೂಡಲ ಕಡೆ ಮೂರು ಮಿಲಿಮೀಟರ್ ಒಳಗೆ ಬಂದಿದೆ, ಬಿಚ್ಚಿ ಮತ್ತೆ ಮಾಡಬೇಕು ಅಂತ ನನಗೆ ಫೋನಿನಲ್ಲಿ ಹೇಳಿದ್ದರು." ಅವಳು ತಲೆ ತಗ್ಗಿಸಿದಳು. "ಈಗ ನಾನು ಕಂಬದಿಂದ ಉಂಗುರಕ್ಕೆ ಅಳೆದು ನೋಡಿದೆ. ಸರಿಯಾಗಿದೆ. ನಾಲ್ಕೂ ಕಡೆ."

"ಅಂದ್ರೆ ಅವರೇ ತಪ್ಪು."

"ಹಾಗೇ ಕಾಣುತ್ತೆ. ನನಗೆ ಈ ಕೆಲಸ ಕಲಿಸಿದವರು ಅವರು."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಬಾಲಾಜಿಯ ಮುಖ ಅರಳಿತು. ಉಂಗುರ ಸಾಗಿಸುವ ಟ್ರೈಲರ್‌ ಕರೆಸಲು ಆಫೀಸಿಗೆ ಓಡಿದ. ಠಾಣೆಗೆ ಬಂದರೆ ಮೇಲಿನ ಇನ್ಸ್‌ಪೆಕ್ಟರ್ ಫೋನು ಮಾಡಿದ್ದರು. ಆತ್ಮಹತ್ಯೆ ಎಂದು ಬರೆದು ಮುಗಿಸಿ, ಒಂದು ಹೆಣಕ್ಕೆ ಎರಡು ದಿನ ಏಕೆ, ಎಂಬುದು ಅವರ ಪ್ರಶ್ನೆ.

ಬರೆದರೆ ಮುಗಿಯುತ್ತಿತ್ತು. ಶಾರದ ಪೆನ್ನು ತೆರೆದು ಮತ್ತೆ ಮುಚ್ಚಿದಳು. ಅವಳಿಗೆ ಆ ಕರ್ಪೂರ ಬಗೆಹರಿದಿರಲಿಲ್ಲ. ಈ ಊರಿಗೆ ವರ್ಗವಾಗಿ ಬಂದಾಗಿನಿಂದ ಅವಳು ಒಬ್ಬಳೇ ಅಡಿಗೆ ಮಾಡಿ ಒಬ್ಬಳೇ ಉಣ್ಣುವವಳು. ಠಾಣೆಯಲ್ಲಿ ಎಲ್ಲರೂ ಮೇಡಂ ಮೇಡಂ ಎನ್ನುವರು, ಸಂಜೆ ಎಲ್ಲರೂ ಮನೆಗೆ ಹೋಗುವರು. ಒಂಟಿಯಾಗಿ ಇರುವವರ ಬೆಳಗು ಹೇಗಿರುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸಾಯಲು ಹೊರಟವನು ಶರಟು ಒಗೆದು ಹಾಕಿಕೊಂಡಾನು. ಆದರೆ ಕರ್ಪೂರ ಹಚ್ಚಿ, ಪೆಟ್ಟಿಗೆಯ ಹೂ ತೆಗೆಯುತ್ತಾನೆಯೇ? ವಿಜಯದಶಮಿಯ ಬೆಳಿಗ್ಗೆ ಪೂಜೆಯ ಆಯುಧ ಎತ್ತುವುದು ಕೆಲಸಕ್ಕೆ ಕೈ ಹಾಕಲು. ಅವನು ಆ ದಿನ ಕೆಲಸ ಶುರು ಮಾಡಿದ್ದ.

*

ಮೆಟ್ಟೂರು ಆಸ್ಪತ್ರೆಯ ಶವಾಗಾರದ ಮುಂದಿನ ಕಲ್ಲುಬೆಂಚಿನಲ್ಲಿ ಗೋಪಾಲಪ್ಪನ ಅಕ್ಕ ಸಿದ್ದಲಕ್ಷ್ಮಮ್ಮ ಕೂತಿದ್ದಳು. ಪೆನ್ನಾಗರಂ ಬಸ್ಸಿನಲ್ಲಿ ಒಬ್ಬಳೇ ಬಂದಿದ್ದಳು. ಕನ್ನಡ ಕೇಳಿದ್ದೇ ಶಾರದಳ ಕೈ ಹಿಡಿದುಕೊಂಡಳು.

"ನೀನು ನಮ್ಮೋಳಾ? ಒಂದು ಮಾತು ಏಳು ಮಗಾ. ಅವ್ನು ತಾನಾಗೇ ಸತ್ನಾ?"

"ಗೊತ್ತಿಲ್ಲಕ್ಕಾ. ನೋಡ್ತಾ ಇವ್ನಿ."

"ಜಲ್ದಿ ನೋಡು. ಊರ್ನಾಗೆ ದೊಡ್ಡೋರು ಕೂತು ಏಳ್ಬುಟ್ಟವ್ರೆ. ತಾನಾಗಿ ಸತ್ತೋನ್ನ ಊರೊಳಕ್ಕೆ ತರಬ್ಯಾಡ. ತಮಟೆ ಇಲ್ಲ, ಸುಡಗಾಡೂ ಇಲ್ಲ. ಹೊಲದ ಬದಿನಾಗೆ ಗುಂಡಿ ತೋಡಿ ಊತ್ಬುಡಿ ಅಂತ. ಜೀವನ ಪೂರ್ತಿ ಒಬ್ನೇ ಇದ್ದ. ಮಣ್ಣಾಗೂ ಒಬ್ನೇ ಬಿಡ್ಲಾ?"

"ಅವರು ಅಳತೆ ತಪ್ಪಿದ್ರು ಅಂತಾರಕ್ಕಾ."

ಸಿದ್ದಲಕ್ಷ್ಮಮ್ಮ ಕೈ ಬಿಟ್ಟಳು. "ಅವ್ನು ನಮ್ಮನೆಗೆ ಬಂದ್ರೆ ಗ್ವಾಡೆಗೆ ಒಡೆದ ಮೊಳೆ ಸೊಟ್ಟ ಐತೆ ಅಂತ ಕಿತ್ತು ತಿರುಗಾ ಒಡೆಯೋನು. ಮನೆಮಂದಿಗೆಲ್ಲ ತಲೆನೋವು. ತಪ್ಪ್‌ತಾನಾ?"

ನಾಳೆ ಬೆಳಿಗ್ಗೆ ಹೆಣ ಕೊಡಲೇಬೇಕು ಎಂದು ಡಾಕ್ಟರು ಹೇಳಿದ್ದರು. ಕಾಗದದಲ್ಲಿ ಯಾವ ಮಾತು ಇರುತ್ತದೋ ಗೋಪಾಲಪ್ಪ ಆ ದಾರಿಯಲ್ಲಿ ಹೋಗುತ್ತಾನೆ. ಶಾರದಳ ಕೈಯಲ್ಲಿ ಉಳಿದಿದ್ದು ಒಂದು ಮಧ್ಯಾಹ್ನ.

*

"ಮೂಡಲ ಕಂಬಕ್ಕೆ ಬೊಟ್ಟು ಇಟ್ಟಿದ್ದು ಚೆನ್ನಾಗದೆ," ಎಂದಳು ಶಾರದ. ದೊಡ್ಡಮುನಿಯಮ್ಮನ ಜೊತೆ ಕಾರ್ಖಾನೆಯ ನಲ್ಲಿಯ ಹತ್ತಿರ ಕೂತಿದ್ದಳು. ಎಲ್ಲಿಂದಾದರೂ ಮಾತು ತೆಗೆಯಬೇಕಿತ್ತು, ಬಾಯಿಗೆ ಬಂದದ್ದರಿಂದ ತೆಗೆದಳು.

ದೊಡ್ಡಮುನಿಯಮ್ಮ ಹುಬ್ಬು ಗಂಟಿಕ್ಕಿದಳು. "ಯಾರು? ನಾನಾ? ಕಂಬಕ್ಕೆ ನಾನ್ಯಾಕೆ ಇಡ್ಲಿ? ಗೋಪಾಲಪ್ಪ ಕೈ ಕಡ್ದಾನು."

"ಪೂಜೇಲಿ ಎಲ್ಲದಕ್ಕೂ ನೀನೇ ಅಲ್ವಾ ಇಟ್ಟಿದ್ದು?"

"ಎಲ್ಲಕ್ಕೂ ಇಟ್ಟೆ. ಕ್ರೇನ್ಗೆ, ಲಾರಿಗೆ, ಮ್ಯಾನೇಜರ್ ಟೈಪ್ ಮಿಶಿನ್ಗೆ. ಆ ನಾಕು ಕಂಬಕ್ಕೆ ಮಾತ್ರ ಇಲ್ಲ. ಮೊದಲ್ನೇ ವರ್ಷ ಇಟ್ಟಿದ್ದೆ. ಗಂಧ ಕುಳಿಯೊಳಗೆ ಓಗಿ ಗುಂಡು ಎತ್ರಕ್ಕೆ ಕೂತು ಅಳತೆಯೆಲ್ಲ ಕೆಟ್ಟೋಯ್ತಂತೆ. ಅವತ್ತಿಂದ ಅವಕ್ಕೆ ಪೂಜೆ ಇಲ್ಲ, ಕೈ ಮುಗ್ದು ದೂರ ನಿಲ್ಲು ಅಂದಿದ್ದ."

"ಪೂಜೆ ಆದ್ಮೇಲೆ ಶೆಡ್ಡು?"

"ಬೀಗ ಜಡ್ದ. ಒಂದು ಕೀಲಿ ಅವ್ನ ಮನೆ ಮೊಳೇಲಿ. ಇನ್ನೊಂದು ಮ್ಯಾನೇಜರ್ ತಾವ."

ಶಾರದ ಎದ್ದು ನೇರ ಸಂಗೀತಾಳ ಬಳಿ ಹೋದಳು. "ಹೂ ಬಿದ್ದಿದ್ದ ಆ ಪೆಟ್ಟಿಗೆಯಲ್ಲಿ ಏನಿದೆ?"

"ಬಿಸಿಗೆ ಹಿಗ್ಗದ ಲೋಹದ ಪಟ್ಟಿ. ಕಂಬದಿಂದ ಕಂಬಕ್ಕೆ ಎಳೆದು ಅಳೆಯೋಕೆ. ಬೆಳಿಗ್ಗೆ ಗೋಪಾಲಪ್ಪ ಸಾರ್ ಮೊದಲು ಅದನ್ನೇ ಮಾಡ್ತಿದ್ದರು, ಕಂಬ ಸರಿ ಇದೆಯಾ ಅಂತ. ಆಮೇಲೆ ಉಂಗುರ."

"ನೀವು ಮಾಡಿದಿರಾ?"

ಸಂಗೀತಾ ಪೆಟ್ಟಿಗೆ ತೆರೆದು ಪಟ್ಟಿಯನ್ನು ಕೈಗೆ ತೆಗೆದುಕೊಂಡಳು. "ಇಲ್ಲ. ಕಂಬ ಸಾರ್ ನಿಲ್ಲಿಸಿದ್ದು. ಕಂಬವನ್ನ ಯಾರು ಅನುಮಾನಿಸ್ತಾರೆ? ಎಲ್ಲರೂ ಅವಸರ ಮಾಡ್ತಿದ್ದರು."

ಪಟ್ಟಿ ಎಳೆದರು. ಮೂಡಲ ಕಂಬದಿಂದ ಬಡಗಣ ಕಂಬಕ್ಕೆ, ಗೋಪಾಲಪ್ಪ ಬರೆದಿಟ್ಟಿದ್ದ ಅಳತೆಗಿಂತ ಕಡಿಮೆ. ತೆಂಕಣ ಕಂಬಕ್ಕೂ ಕಡಿಮೆ. ಉಳಿದ ಮೂರರ ನಡುವೆ ಕೂದಲೆಳೆ ವ್ಯತ್ಯಾಸವಿಲ್ಲ. ಸಂಗೀತಾ ಲೆಕ್ಕ ಹಾಕಿದಳು. ಮೂಡಲ ಕಂಬದ ಹಿತ್ತಾಳೆ ತಟ್ಟೆಯನ್ನು ಯಾರೋ ಬೋಲ್ಟು ಸಡಿಲಿಸಿ ಉಂಗುರದ ಕಡೆಗೆ ಸರಿಸಿ ಮತ್ತೆ ಬಿಗಿದಿದ್ದರು. ಸರಿಯಾಗಿ ಮೂರು ಮಿಲಿಮೀಟರ್.

"ಉಂಗುರದ ಗೋಡೆ ಒಳಗೆ ಸರಿದಿತ್ತು. ಕಂಬದ ತಟ್ಟೆಯನ್ನೂ ಅಷ್ಟೇ ಸರಿಸಿದರು. ನಡುವಿನ ದೂರ ಸರಿಯಾಗಿ ಕಂಡಿತು," ಎಂದಳು ಸಂಗೀತಾ. "ಸಾರ್ ಅಳತೆ ಸರಿ ಇತ್ತು. ನಾನು ತಪ್ಪು ಅಳೆದೆ."

*

ಸೇಲಂನಿಂದ ಬಂದ ಬೆರಳಚ್ಚು ತಜ್ಞ ಕನ್ನಡಕ ಸರಿಪಡಿಸಿಕೊಂಡು ಬೊಟ್ಟಿನ ಮೇಲೆ ಬಾಗಿದ. ಒಣಗಿದ ಗಂಧದಲ್ಲಿ ಹೆಬ್ಬೆರಳು ಚೆನ್ನಾಗಿ ಒತ್ತಿತ್ತು.

"ಪ್ರಯೋಜನವಿಲ್ಲ ಮೇಡಂ," ಎಂದ. "ಬೆರಳಿನ ಆಕಾರ ಇದೆ, ಗೆರೆಯೇ ಇಲ್ಲ. ನುಣ್ಣಗಿದೆ. ನಡುವೆ ಒಂದು ಅಡ್ಡ ಗೀಟು ಅಷ್ಟೇ."

"ಒತ್ತಿ ಎಳೆದಿರಬಹುದಾ?"

"ಇಲ್ಲ. ಅಂಚು ಸ್ವಚ್ಛವಾಗಿದೆ. ಬೆರಳಲ್ಲೇ ಗೆರೆ ಇಲ್ಲ."

ಅನುಮಾನ ಮೊದಲು ಹೋಗಬೇಕಾದದ್ದು ಬಾಲಾಜಿಯ ಮೇಲೆ. ಅವನ ಹತ್ತಿರ ಕೀಲಿ ಇತ್ತು, ಟ್ರೈಲರ್ ಕಳಿಸುವ ಆತುರ ಇತ್ತು, ಬಾಯಿ ಜಗಳ ಆಗಿತ್ತು. ಶಾರದ ಅವನನ್ನು ಕರೆದು ಕೂರಿಸಿದಳು. ಪೂಜೆ ಮುಗಿದದ್ದೇ ಮಾವನ ಮನೆಗೆ ಮೊರಪ್ಪೂರಿಗೆ ಹೋಗಿದ್ದೆ, ರೈಲಿನಲ್ಲಿ ಪಕ್ಕದ ಮನೆಯವರೂ ಇದ್ದರು ಎಂದು ಅವನು ಅಳುದನಿಯಲ್ಲಿ ಹೇಳಿದ. ಕಾನ್ಸ್‌ಟೇಬಲ್ ಮೊರಪ್ಪೂರು ಠಾಣೆಗೆ ಫೋನು ಮಾಡಿ ವಿಚಾರಿಸಿದ. ಮಾತು ನಿಜ. ವಿಜಯದಶಮಿಯ ಬೆಳಿಗ್ಗೆ ಫೋನು ಹೋದ ಮೇಲೇ ಅವನು ಅಲ್ಲಿಂದ ಹೊರಟದ್ದು.

"ಉಂಗುರ ಎಲ್ಲಿ ಸೊಟ್ಟ, ಎಷ್ಟು ಸೊಟ್ಟ ಅಂತ ಗೋಪಾಲಪ್ಪ ನಿಮಗೆ ಹೇಳಿದ್ದರಾ?"

"ಸೊಟ್ಟ ಅಂದರು. ಎಲ್ಲಿ ಅಂತ ಕೇಳುವಷ್ಟು ತಾಳ್ಮೆ ನನಗಿರಲಿಲ್ಲ ಮೇಡಂ."

ಅವಸರ ಒಮ್ಮೊಮ್ಮೆ ಮನುಷ್ಯನನ್ನು ಜೈಲಿನಿಂದಲೂ ಉಳಿಸುತ್ತದೆ. ಶಾರದ ಒಂದು ಬಿಳಿ ಹಾಳೆಯನ್ನೂ ಶಾಯಿಯ ಮೆತ್ತೆಯನ್ನೂ ತರಿಸಿದಳು. ಶೆಡ್ಡಿಗೆ ಬರುತ್ತಿದ್ದ ಪ್ರತಿಯೊಬ್ಬರಿಂದ ಹೆಬ್ಬೆರಳು ಒತ್ತಿಸಿದಳು.

*

ಬಿಸಿಲು ಇಳಿಯುವ ಮೊದಲೇ ಎಲ್ಲರನ್ನೂ ಶೆಡ್ಡಿಗೆ ಕರೆದಳು. ಬಾಲಾಜಿ, ಸಂಗೀತಾ, ದೊಡ್ಡಮುನಿಯಮ್ಮ, ಮುತ್ತುಸ್ವಾಮಿ. ಬಾಗಿಲಲ್ಲಿ ಕಾನ್ಸ್‌ಟೇಬಲ್.

"ಮುತ್ತಣ್ಣಾ, ಪೂಜೆ ದಿನ ಎಲ್ಲಿ ಉಂಡ್ರಿ?" ಶಾರದ ಮೆಲ್ಲಗೆ ಕೇಳಿದಳು.

"ಇಲ್ಲೇ ಕಾರ್ಖಾನೆ ಕ್ವಾರ್ಟರ್ಸ್‌ನಾಗೆ, ಅವ್ನ ಮನೇಲಿ. ನಾನೇ ಪಾಯಸ ಮಾಡ್ದೆ."

"ಉಂಡ್ಮೇಲೆ?"

"ಅವ್ನು ಮಲ್ಕಂಡ. ದಿನಾ ಜಾವಕ್ಕೆ ಏಳೋನಲ್ವಾ, ಮಧ್ಯಾಹ್ನ ನಿದ್ದೆ ಬತ್ತದೆ."

"ಮೊಳೇಲಿ ಕೀಲಿ ಇತ್ತು."

ಮುತ್ತುಸ್ವಾಮಿ ಬಲಗೈಯನ್ನು ಬಟ್ಟೆಯಲ್ಲಿ ಒರೆಸಿಕೊಂಡ.

"ನಾನು ಏಳ್ತೀನಿ, ತಪ್ಪಿದ್ರೆ ತಿದ್ದಿ," ಎಂದಳು ಶಾರದ. "ತಟ್ಟೆ ಸರಿಸಿದೋನಿಗೆ ಎರಡು ಸಂಗ್ತಿ ಗೊತ್ತಿರ್ಬೇಕು. ಉಂಗುರ ಎಳ್ಕಂಡಿರೋದು ಮೂಡಲ ಕಡೆ. ಎಳ್ಕಂಡಿರೋದು ಮೂರು ಮಿಲಿಮೀಟರ್. ಗೋಪಾಲಪ್ಪ ಅದನ್ನ ಫೋನಲ್ಲಿ ಈ ಮೇಡಂಗೆ ಏಳಿದ್ರು. ಅವರು ಅವತ್ತು ಗುಜರಾತಲ್ಲಿದ್ರು. ಮ್ಯಾನೇಜರ್ ಕೇಳ್ಲೇ ಇಲ್ಲ. ದಿನಾ ಜೊತೇಲಿ ಉಣ್ಣೋನಿಗೆ ಏಳ್ದೆ ಇರ್ತಾರಾ?

"ಇನ್ನು ಈ ಬೊಟ್ಟು. ದೊಡ್ಡಮುನಿಯಮ್ಮ ಕಂಬಕ್ಕೆ ಇಟ್ಟಿಲ್ಲ. ಗೋಪಾಲಪ್ಪ ಇಡೋನಲ್ಲ. ಬೀಗ ಹಾಕಿದ್ಮೇಲೆ ಒಳಗೆ ಬಂದೋನು ಇಟ್ಟವ್ನೆ. ಅದೂ ಕುಳಿ ತಪ್ಪಿಸಿ ಅಂಚಿಗೆ ಇಟ್ಟವ್ನೆ, ಅಳತೆ ಕೆಡಬಾರ್ದು ಅಂತ. ಇಡ್ದೆ ಓಗಿದ್ರೆ ನಾನು ಈ ಕಂಬದ ಕಡೆ ತಿರುಗಿಯೂ ನೋಡ್ತಿರ್ಲಿಲ್ಲ."

ಅವಳು ಹಾಳೆ ಬಿಚ್ಚಿ ಹಿಡಿದಳು. ಎಲ್ಲರ ಹೆಬ್ಬೆರಳಿನಲ್ಲೂ ಸುತ್ತು ಗೆರೆ. ಒಂದರಲ್ಲಿ ಮಾತ್ರ ಕಪ್ಪು ಮಚ್ಚೆ, ನಡುವೆ ಅಡ್ಡ ಗೀಟು.

"ಇದು ಕಾದ ಕಬ್ಬಿಣ ಹಿಡಿದು ಹಿಡಿದು ಗೆರೆ ಸುಟ್ಟೋದ ಬೆರಳು. ಇಲ್ಲಿ ವೆಲ್ಡಿಂಗ್ ಮಾಡಿ ನರೆತೋರು ನೀವೊಬ್ರೇ."

ಮುತ್ತುಸ್ವಾಮಿ ತನ್ನ ಬಲಗೈಯನ್ನು ನೋಡಿಕೊಂಡ. ಬೇರೆ ಯಾರದೋ ಕೈ ಎಂಬಂತೆ ಬಹಳ ಹೊತ್ತು ನೋಡಿದ.

"ಕೈ ಕೇಳ್ಲಿಲ್ಲ ತಾಯಿ," ಎಂದ. "ಪೂಜೆ ದಿನ ಆಯುಧ ಮುಟ್ಟಿದ್ದೆ. ಅದೂ ಮೋಸಕ್ಕೆ. ವೆಲ್ಡಿಂಗ್‌ನೋನಿಗೆ ಇರೋದು ಕಣ್ಣೊಂದೇ. ತಪ್ಪಾಯ್ತು ಅಂತ ಬೊಟ್ಟಿಡ್ದೆ ಇದ್ರೆ ಅಮ್ಮ ಕಣ್ಣು ಕಿತ್ಕತಾಳೆ ಅನ್ನಿಸ್ತು."

"ಯಾಕಣ್ಣಾ ಸರಿಸಿದ್ರಿ?"

"ಇದು ನನ್ನ ಕೊನೇ ಕೆಲಸ. ಆಮೇಲೆ ನಿವೃತ್ತಿ. ಇಂಥಾದ್ದು ಈ ಕಡೆ ಯಾರೂ ಮಾಡಿಲ್ಲ, ಮುತ್ತು ಮಾಡ್ದ ಅನ್ನಿಸ್ಕಬೇಕು ಅಂತಿದ್ದೆ. ಅವ್ನು ಗರಗಸ ಆಕಿ ಕುಯ್ದು ತಿರುಗಾ ಮಾಡು ಅಂದ. ಹುಡುಗ್ರು ಮುಂದೆ ನನ್ನ ಬೆಸುಗೆ ಕುಯ್ಯೋದಾ? ಕೈ ಮುಗ್ದು ಕೇಳ್ದೆ. ಮೂರು ಮಿಲಿಮೀಟರ್, ಯಾರಿಗೆ ಗೊತ್ತಾಯ್ತದೆ ಅಂದೆ. ನಂಗೆ ಗೊತ್ತಲ್ಲ ಮುತ್ತು ಅಂದ."

"ಬೆಳಿಗ್ಗೆ?"

"ಕಾಫಿ ತಗಂಡು ಬಂದೆ, ದಿನಾ ತರೋ ಅಂಗೆ. ಬರ್ದೆ ಇದ್ರೆ ಅನುಮಾನ ಬತ್ತದೆ ಅಂತ. ಅಷ್ಟೊತ್ಗೆ ಪಟ್ಟಿ ಎಳ್ದು ನೋಡ್ಬುಟ್ಟಿದ್ದ. ಅಟ್ಟದ ಮೇಲೆ ನಿಂತಿದ್ದ. ನಾನೂ ಮೆಟ್ಲು ಅತ್ತಿ ಮೇಲಕ್ಕೋದೆ. ಬೈಲಿಲ್ಲ. ಮುತ್ತು, ಮ್ಯಾನೇಜರ್ಗೆ ನೀನೇ ಏಳ್ತೀಯಾ, ನಾನು ಏಳ್ಲಾ ಅಂದ. ಅಷ್ಟೇ. ಎದೆ ಮೇಲೆ ಕೈಯಿಟ್ಟು ನೂಕ್ದೆ." ಅವನು ಅಟ್ಟದ ಬುಡದ ಕಡೆ ನೋಡಿದ. "ಪಟ್ಟಿ ಸುತ್ತಿ ಪೆಟ್ಟಿಗೆಗೆ ಆಕ್ದೆ. ಮನೆಗೋಗಿ ಆ ಕಾಫಿ ನಾನೊಬ್ನೇ ಕುಡ್ದೆ. ಎರಡು ಲೋಟಾನೂ."

ಯಾರೂ ಅವನ ಕಡೆ ನೋಡಲಿಲ್ಲ. ಕಾನ್ಸ್‌ಟೇಬಲ್ ಹತ್ತಿರ ಬಂದಾಗ ಅವನೇ ಕೈ ಮುಂದೆ ಚಾಚಿದ. ನಾಚಿಕೆಗೆ ಅಂಜಿ ಗೆಳೆಯನನ್ನು ಕೊಂದವನು ಕೊನೆಗೆ ಅಂಗಳದಲ್ಲಿ ಸೇರಿದ್ದ ಕೆಲಸದ ಹುಡುಗರೆಲ್ಲರ ಮುಂದೆಯೇ ಜೀಪು ಹತ್ತಿದ. ಶಾರದಳಿಗೆ ಗೆದ್ದ ಸಂತೋಷ ಆಗಲಿಲ್ಲ.

ಬಾಲಾಜಿ ಟ್ರೈಲರ್ ಬೇಡವೆಂದು ಫೋನು ಮಾಡಿದ. ಸಂಗೀತಾ ಉಂಗುರದ ಮೂಡಲ ಬದಿಯಲ್ಲಿ ಸೀಮೆಸುಣ್ಣ ಹಿಡಿದು, ಗೋಪಾಲಪ್ಪ ಹೇಳಿದ್ದ ಜಾಗದಲ್ಲೇ, ಕುಯ್ಯಬೇಕಾದ ಗೆರೆ ಎಳೆಯತೊಡಗಿದಳು.

*

ಮರುದಿನ ಬೆಳಿಗ್ಗೆ ಆಸ್ಪತ್ರೆಯ ಮುಂದೆ ವ್ಯಾನು ನಿಂತಿತ್ತು. ಶಾರದ ಕಾಗದವನ್ನು ಸಿದ್ದಲಕ್ಷ್ಮಮ್ಮನ ಕೈಗೆ ಕೊಟ್ಟಳು.

"ಅಳತೆ ಸರಿ ಇತ್ತಕ್ಕಾ. ಅವರು ಹಾರ್ಲಿಲ್ಲ. ಊರ ದೊಡ್ಡೋರಿಗೆ ಇದನ್ನ ತೋರ್ಸಿ. ನಾನೂ ಫೋನಲ್ಲಿ ಏಳಿವ್ನಿ. ತಮಟೆಯೋರು ಊರ ಬಾಗ್ಲಲ್ಲಿ ಕಾಯ್ತಾರೆ."

ಸಿದ್ದಲಕ್ಷ್ಮಮ್ಮ ಕಾಗದವನ್ನು ಕಣ್ಣಿಗೆ ಒತ್ತಿಕೊಂಡಳು. "ಯಾರು ಮಗಾ ಮಾಡಿದ್ದು?"

"ಮುತ್ತುಸ್ವಾಮಿ."

ಅವಳು ವ್ಯಾನಿನ ಬಾಗಿಲು ಹಿಡಿದು ನಿಂತುಬಿಟ್ಟಳು. ಒಳಗೆ ಬಿಳಿ ಬಟ್ಟೆ ಸುತ್ತಿದ ತಮ್ಮ. ಡ್ರೈವರು ಹಾರ್ನ್ ಮಾಡಲು ಹೋಗಿ ಸುಮ್ಮನಾದ.

"ಪೊಂಗಲ್ಗೆ ಬಂದಿದ್ದ," ಎಂದಳು ಕೊನೆಗೆ. "ನಾನು ಬೈದೆ. ಮದ್ವೆ ಇಲ್ಲ, ಮಕ್ಳಿಲ್ಲ, ನಾಳೆ ನೀನು ಸತ್ರೆ ಕೊಳ್ಳಿ ಇಡೋರು ಯಾರ್ಲಾ ಅಂದೆ. ನಗಾಡ್ದ. ಮುತ್ತು ಇಡ್ತಾನೆ, ಮಾತು ಕೊಟ್ಟವ್ನೆ, ನೀನು ಚಿಂತೆ ಮಾಡ್ಬ್ಯಾಡ ಅಕ್ಕಾ ಅಂದ."

ಶಾರದ ಡ್ರೈವರಿಗೆ ಕಾಯುವಂತೆ ಕೈ ತೋರಿದಳು.

ಸಿದ್ದಲಕ್ಷ್ಮಮ್ಮ ಸೆರಗನ್ನು ಸೊಂಟಕ್ಕೆ ಬಿಗಿದಳು. "ನಾನೇ ಇಡ್ತೀನಿ. ಹೆಂಗ್ಸು ಇಡಬಾರ್ದು ಅಂತ ಯಾರು ಬತ್ತಾರೋ ಬರ್ಲಿ," ಎಂದು ವ್ಯಾನು ಹತ್ತಿ ತಮ್ಮನ ತಲೆಯ ಹತ್ತಿರ ಕೂತಳು.

ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಕಾಯುತ್ತಿದ್ದರು. ಶಾರದ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ತಾನೂ ವ್ಯಾನು ಹತ್ತಿ ಸಿದ್ದಲಕ್ಷ್ಮಮ್ಮನ ಪಕ್ಕ ಕೂತಳು.